ಮೇಯೋ ಮರಿ ಎಷ್ಟು ಶಕ್ತಿ ಖರ್ಚು ಮಾಡುತ್ತದೆ? ಗುರುತಿನ ನೀರಿನಿಂದ ಅಳೆಯುವ ಬಗೆ

ನನ್ನ ಸೋದರಮಾವನ ಊರು ಶಿರಾ ತಾಲ್ಲೂಕಿನಲ್ಲಿದೆ. ಅವರ ರೊಪ್ಪದಲ್ಲಿ ಎಂಬತ್ತು ಕುರಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹೊತ್ತು ಮುಳುಗುವಾಗ ವಾಪಸ್. ಒಂದು ದಿನ ಮರಿಗಳ ತೂಕ ಹಾಕುತ್ತಿದ್ದಾಗ ಮಾವ ಕೇಳಿದರು: "ಅಲ್ಲ ಕಣವ್ವ, ಮನೇಲಿ ಕಟ್ಟಿದ ಮರಿ ಮೈ ತುಂಬ್ತದೆ, ಮೇಯೋಕೆ ಹೋಗಿದ್ದು ತುಂಬಲ್ಲ. ತಿಂದಿದ್ದೆಲ್ಲ ನಡಿಗೆಗೇ ಹೋಗ್ತದೋ ಏನೋ?"

ನಾನು ಪಶು ಪೋಷಣೆ ಓದಿದವಳು. ಪುಸ್ತಕದ ಉತ್ತರ ನನ್ನ ಹತ್ತಿರ ಇತ್ತು. ಸಮತಟ್ಟಾದ ನೆಲದಲ್ಲಿ ಒಂದು ಕಿಲೋ ಮೈತೂಕವನ್ನು ಒಂದು ಮೀಟರ್ ಸಾಗಿಸಲು ಸುಮಾರು 2.6 ಜೂಲ್ ಬೇಕು. ಹದಿನೈದು ಕಿಲೋ ಮರಿ ದಿನಕ್ಕೆ ಎಂಟು ಕಿಲೋಮೀಟರ್ ನಡೆದರೆ 0.31 ಮೆಗಾಜೂಲ್. ಅಂಥ ಮರಿಯ ಇಡೀ ದಿನದ ಖರ್ಚು 3.8 ಮೆಗಾಜೂಲ್ ಎಂದಿಟ್ಟುಕೊಂಡರೆ, ನಡಿಗೆಗೆ ಹೋಗುವುದು ಎಂಟು ಶೇಕಡ. ಆದರೆ ನಮ್ಮ ಕಾವಲು ಸಮತಟ್ಟಾಗಿಲ್ಲ. ಬಂಡೆ ಹತ್ತಬೇಕು, ಜಾಲಿ ಮುಳ್ಳು ಸುತ್ತಬೇಕು, ಏಪ್ರಿಲ್ ಬಿಸಿಲಲ್ಲಿ ಬಾಯಿ ತೆರೆದು ಏದುಸಿರು ಬಿಡಬೇಕು. ಅದನ್ನೆಲ್ಲ ಪುಸ್ತಕ ನೋಡಿ ಹೇಳೋಕಾಗಲ್ಲ. ಅಳೆಯಬೇಕು.

ಸಾಮಾನ್ಯವಾಗಿ ಅಳೆಯುವುದು ಉಸಿರಾಟದ ಕೋಣೆಯಲ್ಲಿ. ಪ್ರಾಣಿಯನ್ನು ಗಾಳಿಯಾಡದ ಕೋಣೆಯಲ್ಲಿ ಇಟ್ಟು, ಒಳಗೆ ಹೋಗುವ ಮತ್ತು ಹೊರಗೆ ಬರುವ ಗಾಳಿಯನ್ನು ಲೆಕ್ಕ ಹಾಕುತ್ತಾರೆ. ಬಹಳ ನಿಖರವಾದ ವಿಧಾನ. ಆದರೆ ಕೋಣೆಯೊಳಗಿನ ಮರಿ ಕಾವಲಲ್ಲಿ ನಡೆಯುವುದಿಲ್ಲ ಅಲ್ವಾ? ಮಾವನ ಪ್ರಶ್ನೆಗೆ ಬೇಕಾದದ್ದು ಮರಿಯನ್ನು ಅದರ ಪಾಡಿಗೆ ಮೇಯಲು ಬಿಟ್ಟು ಅಳೆಯುವ ದಾರಿ. ಎರಡು ಗುರುತು ಹಾಕಿದ ನೀರು ಆ ದಾರಿ. ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಗುರುತು ಯಾಕೆ

ನೀರಿನಲ್ಲಿ ಹೈಡ್ರೋಜನ್ ಇದೆ, ಆಕ್ಸಿಜನ್ ಇದೆ. ಎರಡಕ್ಕೂ ಸ್ವಲ್ಪ ಭಾರದ ಅಣ್ಣಂದಿರಿದ್ದಾರೆ. ಭಾರದ ಹೈಡ್ರೋಜನ್ ಅಂದರೆ ಡ್ಯೂಟೀರಿಯಂ. ಭಾರದ ಆಕ್ಸಿಜನ್ ಅಂದರೆ ಆಕ್ಸಿಜನ್-18. ಎರಡೂ ವಿಕಿರಣ ಸೂಸುವುದಿಲ್ಲ. ನಾವು ಕುಡಿಯುವ ಯಾವುದೇ ನೀರಿನಲ್ಲಿ ಇವು ಇದ್ದೇ ಇರುತ್ತವೆ. ಹತ್ತು ಲಕ್ಷ ಹೈಡ್ರೋಜನ್ ಪರಮಾಣುಗಳಲ್ಲಿ ಸುಮಾರು 155 ಡ್ಯೂಟೀರಿಯಂ, ಹತ್ತು ಲಕ್ಷ ಆಕ್ಸಿಜನ್ ಪರಮಾಣುಗಳಲ್ಲಿ ಸುಮಾರು 2000 ಆಕ್ಸಿಜನ್-18. ಮರಿಯ ಮೈಯಲ್ಲಿರುವ ನೀರಿಗೆ ಇವನ್ನು ಇನ್ನಷ್ಟು ಸೇರಿಸಿ, ದಿನದಿಂದ ದಿನಕ್ಕೆ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂದು ನೋಡುವುದೇ ವಿಧಾನ.

ಡ್ಯೂಟೀರಿಯಂ ಮೈಯಿಂದ ಹೊರಗೆ ಹೋಗುವುದು ನೀರಾಗಿ. ಉಚ್ಚೆ, ಬೆವರು, ಉಸಿರಿನ ಆವಿ, ಹಿಕ್ಕೆಯ ತೇವ. ಆಕ್ಸಿಜನ್-18 ಆ ದಾರಿಗಳಲ್ಲೂ ಹೋಗುತ್ತದೆ, ಜೊತೆಗೆ ಇನ್ನೊಂದು ದಾರಿಯಲ್ಲೂ ಹೋಗುತ್ತದೆ: ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ತಮ್ಮ ಆಕ್ಸಿಜನ್ನನ್ನು ಬೇಗ ಬೇಗ ಅದಲುಬದಲು ಮಾಡಿಕೊಳ್ಳುತ್ತವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನೇಥನ್ ಲಿಫ್ಸನ್ ಮತ್ತು ಜೊತೆಯವರು 1949ರಲ್ಲಿ ಇದನ್ನು ತೋರಿಸಿದರು. 1955ರಲ್ಲಿ ಇಲಿಗಳ ಮೇಲೆ ಇಡೀ ವಿಧಾನವನ್ನು ಪರೀಕ್ಷಿಸಿದರು. ಮನುಷ್ಯರ ಮೇಲೆ ಬಳಸಿದ್ದು 1982ರಲ್ಲಿ. ಅಷ್ಟು ತಡವಾಗಲು ಕಾರಣ ಆಕ್ಸಿಜನ್-18ರ ಬೆಲೆ. ದೊಡ್ಡ ಮೈಗೆ ಜಾಸ್ತಿ ನೀರು ಬೇಕಾಗುತ್ತಿತ್ತು, ಅಷ್ಟು ದುಡ್ಡು ಕೊಡುವವರು ಇರಲಿಲ್ಲ.

ಮಾವನಿಗೆ ನಾನು ಹೇಳಿದ್ದು ಹೀಗೆ. ರೊಪ್ಪಕ್ಕೆ ಎರಡು ಬಾಗಿಲಿದೆ ಅಂದುಕೊಳ್ಳಿ. ಕೆಂಪು ಹಚ್ಚಿದ ಕುರಿ ಒಂದೇ ಬಾಗಿಲಿನಿಂದ ಹೋಗುತ್ತದೆ. ನೀಲಿ ಹಚ್ಚಿದ್ದು ಎರಡರಿಂದಲೂ ಹೋಗುತ್ತದೆ. ನೀಲಿ ಎಷ್ಟು ಬೇಗ ಖಾಲಿಯಾಯಿತೋ ಅದರಲ್ಲಿ ಕೆಂಪಿನದನ್ನು ಕಳೆದರೆ, ಎರಡನೇ ಬಾಗಿಲಿನಿಂದ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ. ಆ ಎರಡನೇ ಬಾಗಿಲೇ ಉಸಿರು. ಉಸಿರಿನ ಇಂಗಾಲ ಗೊತ್ತಾದರೆ ಮೈ ಸುಟ್ಟ ಶಕ್ತಿ ಗೊತ್ತಾಗುತ್ತದೆ. ಮಾವ ತಕ್ಷಣ ಹಿಡಿದರು. "ಹಂಗಾದ್ರೆ ಕೆಂಪು ಕುರಿ ಬೇಲಿ ಹಾರಿದ್ರೆ ಲೆಕ್ಕ ಕೆಡ್ತದಲ್ಲ?" ಅಂದರು. ಬೆಳೆಯುವ ಮರಿಯಲ್ಲಿ ಈ ವಿಧಾನದ ಕಷ್ಟ ಇರುವುದೇ ಅಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಗದದ ಮೇಲೆ

ನೀರು ತರಿಸುವ ಮೊದಲು ಒಂದು ಸಂಜೆ ಕೂತು ಲೆಕ್ಕ ಹಾಕಿ. ಇದನ್ನು ಬಿಟ್ಟು ನೇರ ಕುರಿ ಹತ್ತಿರ ಹೋದವರು ಕೊನೆಗೆ ಅಂಕಿ ಹಿಡಿದು ಪರದಾಡುವುದನ್ನು ನೋಡಿದ್ದೇನೆ.

ಹದಿನೈದು ಕಿಲೋ ತೂಕದ, ಹಾಲು ಬಿಟ್ಟ ಟಗರುಮರಿ ತಗೊಳ್ಳೋಣ. ಅದರ ಮೈಯಲ್ಲಿ, ಹೊಟ್ಟೆಯೊಳಗಿನದೂ ಸೇರಿ, ಸುಮಾರು ಹತ್ತು ಕಿಲೋ ನೀರು. 18 ಗ್ರಾಂ ನೀರು ಒಂದು ಮೋಲ್, ಆದ್ದರಿಂದ 555 ಮೋಲ್. ದಿನಕ್ಕೆ ಒಂದೂವರೆ ಲೀಟರ್ ನೀರು ಒಳಗೆ ಬಂದು ಹೊರಗೆ ಹೋಗುತ್ತದೆ ಎಂದುಕೊಂಡರೆ, ಡ್ಯೂಟೀರಿಯಂ ದಿನಕ್ಕೆ 0.15 ಪಾಲಿನಂತೆ ಇಳಿಯುತ್ತದೆ. 3.8 ಮೆಗಾಜೂಲ್ ಖರ್ಚಿಗೆ ಮರಿ ದಿನಕ್ಕೆ ಸುಮಾರು 7.1 ಮೋಲ್ ಇಂಗಾಲದ ಡೈಆಕ್ಸೈಡ್ ಬಿಡಬೇಕು. ಒಂದು ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ಆಕ್ಸಿಜನ್. ಆದ್ದರಿಂದ ಆಕ್ಸಿಜನ್-18 ಇಳಿಯುವ ವೇಗ 0.1755 ಆಗಬೇಕು.

ಈ ಎರಡು ಅಂಕಿಯನ್ನು ಪಕ್ಕಪಕ್ಕ ಬರೆದು ನೋಡಿ. 0.1755 ಮತ್ತು 0.1500. ನಮಗೆ ಬೇಕಾದ ಇಡೀ ಉತ್ತರ ಇವುಗಳ ನಡುವಿನ 0.0255ರಲ್ಲಿ ಕೂತಿದೆ. ಆಕ್ಸಿಜನ್ ವೇಗದಲ್ಲಿ ಒಂದೇ ಶೇಕಡ ತಪ್ಪಿದರೆ ಉತ್ತರದಲ್ಲಿ ಏಳು ಶೇಕಡ ತಪ್ಪುತ್ತದೆ. ಮರಿ ಜಾಸ್ತಿ ನೀರು ಕುಡಿದಷ್ಟೂ ಎರಡು ಗುರುತು ಇಳಿಯುವ ಗೆರೆಗಳು ಹತ್ತಿರ ಬರುತ್ತವೆ, ತಪ್ಪು ದೊಡ್ಡದಾಗುತ್ತದೆ. ಮೈ ನೀರಿಗೆ ಸೇರಿಸಿದ ಗುರುತು ಅರ್ಧವಾಗಲು ಡ್ಯೂಟೀರಿಯಂಗೆ 4.6 ದಿನ, ಆಕ್ಸಿಜನ್-18ಕ್ಕೆ ನಾಲ್ಕು ದಿನ ಬೇಕು. ಹತ್ತು ದಿನದ ಅಳತೆ ಇದಕ್ಕೆ ಸರಿಹೋಗುತ್ತದೆ. ಐದು ದಿನಕ್ಕೆ ನಿಲ್ಲಿಸಿದರೆ ಗೆರೆಗಳು ಸಾಕಷ್ಟು ಬೇರೆಯಾಗಿರುವುದಿಲ್ಲ. ಇಪ್ಪತ್ತು ದಿನ ಎಳೆದರೆ ಗುರುತೇ ಉಳಿದಿರುವುದಿಲ್ಲ.

ಎಷ್ಟು ಕೊಡಬೇಕು? ಇಂಥ ಮರಿಗೆ ನಾನು ಹತ್ತು ಶೇಕಡ ಆಕ್ಸಿಜನ್-18 ಇರುವ ನೀರು 30 ಗ್ರಾಂ ಮತ್ತು 99 ಶೇಕಡ ಭಾರಜಲ (ಡ್ಯೂಟೀರಿಯಂನಿಂದಾದ ನೀರು) ಒಂದೂವರೆ ಗ್ರಾಂ ಲೆಕ್ಕ ಹಿಡಿಯುತ್ತೇನೆ. ಇದರಿಂದ ಆಕ್ಸಿಜನ್-18 ಸುಮಾರು 300 ಪಿಪಿಎಂ (ಅಂದರೆ ಹತ್ತು ಲಕ್ಷಕ್ಕೆ 300), ಡ್ಯೂಟೀರಿಯಂ ಸುಮಾರು 135 ಪಿಪಿಎಂ ಮೇಲೇರುತ್ತದೆ. ಹತ್ತನೇ ದಿನಕ್ಕೆ 52 ಮತ್ತು 30 ಪಿಪಿಎಂ ಉಳಿದಿರುತ್ತದೆ. ಈ ಉಳಿದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೆರೆ ನೀರಿನ ಮಾತು ಬಂದಾಗ ಬೇಕಾಗುತ್ತದೆ.

ಬೇಲಿ ಹಾರುವ ಕೆಂಪು ಕುರಿಗಳು

ಬೆಳೆದು ನಿಂತ ಮನುಷ್ಯನಲ್ಲಿ ಡ್ಯೂಟೀರಿಯಂ ಬಹುಪಾಲು ನೀರಾಗಿಯೇ ಹೋಗುತ್ತದೆ. ಮೆಲುಕು ಹಾಕುವ, ಬೆಳೆಯುತ್ತಿರುವ ಮರಿಯಲ್ಲಿ ಹಾಗಲ್ಲ. ಇನ್ನೂ ಎರಡು ಮೂರು ದಾರಿಗಳಿವೆ.

ದೊಡ್ಡದು ಮೀಥೇನ್. ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಹುದುಗಿ ಮೀಥೇನ್ ಆಗುತ್ತದೆ, ತೇಗಿನಲ್ಲಿ ಹೊರಗೆ ಹೋಗುತ್ತದೆ. ಒಂದು ಮೀಥೇನ್ ನಾಲ್ಕು ಹೈಡ್ರೋಜನ್ ಹೊತ್ತೊಯ್ಯುತ್ತದೆ. ಮರಿ ದಿನಕ್ಕೆ 600 ಗ್ರಾಂ ಒಣ ಮೇವು ತಿಂದು 12 ಗ್ರಾಂ ಮೀಥೇನ್ ಬಿಟ್ಟರೆ, ಒಂದೂವರೆ ಮೋಲ್ ನೀರಿನಷ್ಟು ಹೈಡ್ರೋಜನ್ ಹೋದ ಹಾಗೆ. ನಮ್ಮ 0.0255ರ ಮುಂದೆ ಇದು ಹತ್ತು ಶೇಕಡ. ಮೀಥೇನಿನಲ್ಲಿ ಡ್ಯೂಟೀರಿಯಂ ಮೈ ನೀರಿಗಿಂತ ಕಡಿಮೆ ಇರುತ್ತದೆ, ಹಾಗಾಗಿ ನಿಜವಾದ ಏಟು ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಬಿಟ್ಟುಬಿಡುವಂಥದ್ದಲ್ಲ. ತಿಂದ ಮೇವಿನ ತೂಕ ಗೊತ್ತಿದ್ದರೆ ಮೀಥೇನ್ ಅಂದಾಜು ಸಿಗುತ್ತದೆ, ಅದನ್ನು ಕಳೆಯಬಹುದು.

ಎರಡನೆಯದು ಕೊಬ್ಬು. ಮರಿ ಹೊಸ ಕೊಬ್ಬು ಕಟ್ಟುವಾಗ ಮೈ ನೀರಿನ ಹೈಡ್ರೋಜನ್ನನ್ನೇ ಸ್ವಲ್ಪ ಬಳಸುತ್ತದೆ. ಅದು ಕೊಬ್ಬಿನೊಳಗೆ ಸಿಕ್ಕಿಕೊಳ್ಳುತ್ತದೆ, ವಾಪಸ್ ಬರುವುದಿಲ್ಲ. ಹತ್ತು ದಿನದಲ್ಲಿ 150 ಗ್ರಾಂ ಕೊಬ್ಬು ಕಟ್ಟಿ, ಅದರ ಅರ್ಧ ಹೈಡ್ರೋಜನ್ ಮೈ ನೀರಿನಿಂದ ಬಂದಿದ್ದರೆ ಮೂರು ಶೇಕಡ ತಪ್ಪು. ಮೀಥೇನ್, ಕೊಬ್ಬು ಎರಡೂ ಉತ್ತರವನ್ನು ಒಂದೇ ಕಡೆಗೆ, ಕಡಿಮೆಯ ಕಡೆಗೆ ಎಳೆಯುತ್ತವೆ. ಒಂದನ್ನೊಂದು ಸರಿದೂಗಿಸುವುದಿಲ್ಲ.

ಮೂರನೆಯದು ಬೆಳವಣಿಗೆಯೇ. ದಿನಕ್ಕೆ ನೂರು ಗ್ರಾಂನಂತೆ ಹತ್ತು ದಿನದಲ್ಲಿ ಒಂದು ಕಿಲೋ ಏರಿದರೆ, ಮೈ ನೀರು 555ರಿಂದ ಸುಮಾರು 591 ಮೋಲಿಗೆ ಹೋಗುತ್ತದೆ. ಮೊದಲ ದಿನದ ಅಂಕಿಯನ್ನೇ ಹತ್ತು ದಿನಕ್ಕೂ ಹಿಡಿದರೆ ಮೂರು ಶೇಕಡ ಕಡಿಮೆ ಬರುತ್ತದೆ. ಇದಕ್ಕೆ ಪರಿಹಾರ ಸುಲಭ. ಕೊನೆಯ ದಿನ ಸ್ವಲ್ಪ ಭಾರಜಲ ಮಾತ್ರ ಮತ್ತೆ ಕೊಟ್ಟು ಮೈ ನೀರನ್ನು ಇನ್ನೊಮ್ಮೆ ಅಳೆದು, ಎರಡರ ಸರಾಸರಿ ಹಿಡಿಯಿರಿ. ಭಾರಜಲ ಆಕ್ಸಿಜನ್-18ರಷ್ಟು ದುಬಾರಿ ಅಲ್ಲ.

ಇನ್ನು ಸೂತ್ರ. ಇದನ್ನು ಹುಡುಗರು ಲಘುವಾಗಿ ತಗೊಳ್ಳುತ್ತಾರೆ, ನನಗೆ ಬೇಜಾರಾಗುವುದು ಇಲ್ಲೇ. ಸರಳ ಸೂತ್ರದಲ್ಲಿ ಮೈ ನೀರಿನ ಅರ್ಧವನ್ನು ಎರಡು ವೇಗಗಳ ವ್ಯತ್ಯಾಸದಿಂದ ಗುಣಿಸುತ್ತೇವೆ. ಮೇಲಿನ ಅಂಕಿಗೆ 7.1 ಮೋಲ್ ಬರುತ್ತದೆ. ಮನುಷ್ಯರಿಗೆಂದು ಮಾಡಿದ ಒಂದು ಪ್ರಸಿದ್ಧ ಸೂತ್ರವಿದೆ. ಅದರಲ್ಲಿ ಆಕ್ಸಿಜನ್ ವೇಗವನ್ನು 1.01ರಿಂದ, ಡ್ಯೂಟೀರಿಯಂ ವೇಗವನ್ನು 1.04ರಿಂದ ಗುಣಿಸಿ, 2.078ರಿಂದ ಭಾಗಿಸಿ, ಆವಿಯ ಲೆಕ್ಕಕ್ಕೆ ಇನ್ನಷ್ಟು ಕಳೆಯುತ್ತಾರೆ. ಅದೇ ಅಂಕಿಗಳನ್ನು ಅದಕ್ಕೆ ಹಾಕಿದರೆ 5.4 ಮೋಲ್. ಕುರಿ ಒಂದೇ, ರಕ್ತ ಒಂದೇ, ಉತ್ತರದಲ್ಲಿ ಕಾಲು ಭಾಗ ವ್ಯತ್ಯಾಸ! ಮನುಷ್ಯನಲ್ಲಿ ಎರಡು ವೇಗಗಳ ನಡುವೆ ಅಂತರ ಜಾಸ್ತಿ, ಹಾಗಾಗಿ ಈ ತಿದ್ದುಪಡಿಗಳು ಅಷ್ಟು ನೋಯಿಸುವುದಿಲ್ಲ. ನಮ್ಮ ಮರಿಗೆ ನೋಯಿಸುತ್ತವೆ. ಆದ್ದರಿಂದ ಯಾವ ಸೂತ್ರ, ಏದುಸಿರಿನಲ್ಲಿ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎಂಬ ಅಂದಾಜು, ಎಲ್ಲವನ್ನೂ ಅಳತೆಗೆ ಮೊದಲೇ ಬರೆದಿಡಿ. ಉತ್ತರ ನೋಡಿದ ಮೇಲೆ ಸೂತ್ರ ಆರಿಸುವುದು ತಪ್ಪು.

ಕೊನೆಗೆ ಇಂಗಾಲದಿಂದ ಶಕ್ತಿಗೆ. ಮೆಲುಕು ಹಾಕುವ ಪ್ರಾಣಿಗಳಿಗೆ ಬ್ರೌವರ್ ಸೂತ್ರ ಬಳಕೆಯಲ್ಲಿದೆ: ಒಂದು ಲೀಟರ್ ಆಕ್ಸಿಜನ್ನಿಗೆ 16.18 ಕಿಲೋಜೂಲ್, ಒಂದು ಲೀಟರ್ ಇಂಗಾಲದ ಡೈಆಕ್ಸೈಡಿಗೆ 5.02, ಮೀಥೇನ್ ಮತ್ತು ಉಚ್ಚೆಯ ಸಾರಜನಕಕ್ಕೆ ಸ್ವಲ್ಪ ಕಳೆಯಬೇಕು. ನಮ್ಮ ಹತ್ತಿರ ಆಕ್ಸಿಜನ್ ಅಳತೆ ಇಲ್ಲ, ಊಹಿಸಬೇಕು. ಇಂಗಾಲದ ಡೈಆಕ್ಸೈಡ್ ಮತ್ತು ಆಕ್ಸಿಜನ್ನಿನ ಅನುಪಾತ 0.85 ಎಂದು ಹಿಡಿದರೆ 7.1 ಮೋಲಿಗೆ 3.8 ಮೆಗಾಜೂಲ್. 1.0 ಎಂದು ಹಿಡಿದರೆ 3.4. ಹಿಂಡಿ ಬೂಸ ತಿಂದು ಮೈ ತುಂಬುತ್ತಿರುವ ಮರಿಯಲ್ಲಿ ಈ ಅನುಪಾತ ಒಂದರ ಹತ್ತಿರಕ್ಕೆ ಏರುತ್ತದೆ. ಕಾವಲಲ್ಲಿ ಅರೆಹೊಟ್ಟೆ ಮೇಯುವ ಮರಿಯಲ್ಲಿ ಕೆಳಗಿರುತ್ತದೆ. ಎರಡು ಗುಂಪಿಗೂ ಒಂದೇ ಅಂಕಿ ಹಿಡಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ, ಇಲ್ಲಾ ಇರುವ ವ್ಯತ್ಯಾಸ ಮರೆಯಾಗುತ್ತದೆ.

ಕೆರೆ ನೀರು

ಈಗ ನನ್ನ ಮೊದಲ ಪ್ರಯತ್ನ ಕೆಟ್ಟ ಕತೆ. ಎಂಟು ಮರಿಗೆ ಗುರುತಿನ ನೀರು ಕೊಟ್ಟಿದ್ದೆ. ಎಲ್ಲವೂ ಮಾವನ ಬೋರ್‌ವೆಲ್ ನೀರನ್ನೇ ಕಲ್ಲುಬಾನಿಯಲ್ಲಿ ಕುಡಿಯುತ್ತಿದ್ದವು. ಆರನೇ ದಿನ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು. ಮೋಟಾರ್ ಓಡಲಿಲ್ಲ. ಬಾನಿ ಒಣಗಿತು. ಬಾಯಾರಿದ ಕುರಿಗಳನ್ನು ಮಾವ ಕೆರೆಗೆ ಹೊಡೆದುಕೊಂಡು ಹೋದರು. ಯಾರಾದರೂ ಅದನ್ನೇ ಮಾಡುತ್ತಿದ್ದರು. ನಾನು ಆಗ ತುಮಕೂರಿನಲ್ಲಿದ್ದೆ. ಗೊತ್ತಾದದ್ದು ಹತ್ತನೇ ದಿನ ರಕ್ತ ತೆಗೆಯಲು ಬಂದಾಗ.

ನೀರು ಬದಲಾದರೆ ಏನಾಯಿತು ಅನ್ನುತ್ತೀರಾ? ಏಪ್ರಿಲ್ ತಿಂಗಳ ಕೆರೆ ಅಂದರೆ ತಿಂಗಳುಗಟ್ಟಲೆ ಬಿಸಿಲಿಗೆ ಆವಿಯಾಗಿ ಮೂಲೆಯಲ್ಲಿ ಉಳಿದ ನೀರು. ಆವಿಯಾಗುವಾಗ ಹಗುರ ನೀರು ಮೊದಲು ಹೋಗುತ್ತದೆ, ಭಾರದ್ದು ಉಳಿಯುತ್ತದೆ. ಆದ್ದರಿಂದ ಬೇಸಿಗೆ ಕೆರೆಯ ನೀರಿನಲ್ಲಿ ಡ್ಯೂಟೀರಿಯಂ, ಆಕ್ಸಿಜನ್-18 ಎರಡೂ ಬೋರ್‌ವೆಲ್ ನೀರಿಗಿಂತ ಜಾಸ್ತಿ. ನಾವು ಕೊಟ್ಟದ್ದಲ್ಲದೆ ಕೆರೆಯೂ ಗುರುತು ಹಾಕಿತ್ತು.

ಇದು ಎಷ್ಟು ಕೆಡಿಸುತ್ತದೆ ಎಂದು ಆಮೇಲೆ ಲೆಕ್ಕ ಹಾಕಿದೆ. ಮೈ ನೀರಿನ ಮೂಲಮಟ್ಟ, ಅಂದರೆ ನಾವು ಗುರುತು ಕೊಡದೆಯೂ ಇರುವ ಮಟ್ಟ, ಆಕ್ಸಿಜನ್-18ರಲ್ಲಿ 10 ಪಿಪಿಎಂ, ಡ್ಯೂಟೀರಿಯಂನಲ್ಲಿ 4 ಪಿಪಿಎಂ ಏರಿತು ಎಂದುಕೊಳ್ಳಿ. ಹತ್ತನೇ ದಿನ ಉಳಿದಿರಬೇಕಾದದ್ದು 52 ಮತ್ತು 30. ಯಂತ್ರ ತೋರಿಸುವುದು 62 ಮತ್ತು 34. ಎರಡು ಗೆರೆಯೂ ನಿಧಾನವಾಗಿ ಇಳಿದ ಹಾಗೆ ಕಾಣುತ್ತದೆ, ಆಕ್ಸಿಜನ್ ಗೆರೆ ಇನ್ನೂ ನಿಧಾನ. ಇಂಗಾಲದ ಡೈಆಕ್ಸೈಡ್ ಇಪ್ಪತ್ತು ಶೇಕಡದಷ್ಟು ಕಡಿಮೆ ಬರುತ್ತದೆ. ನಡಿಗೆಯ ಎಂಟು ಶೇಕಡವನ್ನು ಹುಡುಕಲು ಹೊರಟವಳಿಗೆ ಇಪ್ಪತ್ತು ಶೇಕಡದ ತಪ್ಪು! ಆ ಎಂಟು ಮರಿಯ ಅಂಕಿಗಳನ್ನು ನಾನು ಬಳಸಲಿಲ್ಲ. ಎರಡು ತಿಂಗಳ ಕೆಲಸ ಹೋಯಿತು. ಅಳು ಬಂದಿತ್ತು.

ಅಲ್ಲಿಂದ ನಾನು ಬಿಡದೆ ಪಾಲಿಸುವ ಕ್ರಮ ಇದು. ಗುಂಪಿನಲ್ಲಿ ಕನಿಷ್ಠ ಎರಡು ಮರಿಗೆ ಗುರುತಿನ ನೀರು ಕೊಡುವುದಿಲ್ಲ. ಅವೂ ಅದೇ ನೀರು ಕುಡಿದು, ಅದೇ ಮೇವು ತಿಂದು, ಅದೇ ದಾರಿಯಲ್ಲಿ ನಡೆಯುತ್ತವೆ. ಉಳಿದವುಗಳ ರಕ್ತ ತೆಗೆದಾಗಲೆಲ್ಲ ಇವುಗಳದ್ದೂ ತೆಗೆಯುತ್ತೇನೆ. ಮೂಲಮಟ್ಟ ಅಲುಗಿದರೆ ಈ ಎರಡು ಮರಿ ಹೇಳುತ್ತವೆ, ಆ ದಿನದ ಅಂಕಿಯನ್ನೇ ಕಳೆಯಬಹುದು. ಕುಡಿಯುವ ನೀರಿನ ಮಾದರಿಯನ್ನೂ ಎರಡು ದಿನಕ್ಕೊಮ್ಮೆ ಪುಟ್ಟ ಸೀಸೆಯಲ್ಲಿ ತುಂಬಿಡುತ್ತೇನೆ. ಇನ್ನೊಂದು ಮಾತು. ಅಳತೆ ಶುರುವಾಗುವ ಮೊದಲೇ ಕನಿಷ್ಠ ಮೂರು ವಾರ ಒಂದೇ ನೀರು ಕುಡಿಸಿ. ಮಳೆ ಶುರುವಾಗುವ ತಿಂಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಹೊಂಡ ಹೊಂಡದಲ್ಲೂ ಹೊಸ ನೀರು ನಿಂತಿರುತ್ತದೆ, ಮರಿ ಎಲ್ಲಿ ಬಾಯಿ ಹಾಕಿತು ಎಂದು ಯಾರು ನೋಡುತ್ತಾರೆ?

ಕುರಿ ಕಾಯುವವರ ಜೊತೆ ಕೂತು ಈ ಮಾತನ್ನು ಬಿಡಿಸಿ ಹೇಳಿ. "ನೀರು ಬದಲಾಯಿಸಬೇಡಿ" ಎಂದರೆ ಸಾಲದು. ಯಾಕೆ ಎಂದು ಹೇಳಿದರೆ ಅವರೇ ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನು ಮೊದಲ ಸಲ ಯಾಕೆ ಎಂದು ಹೇಳಿರಲಿಲ್ಲ, ಆ ತಪ್ಪು ನನ್ನದೇ. ಎರಡನೇ ಸಲ ಮಾವ ಎರಡು ಡ್ರಮ್ಮು ಬೋರ್‌ವೆಲ್ ನೀರು ಮುಂಚೆಯೇ ತುಂಬಿಸಿ ಮುಚ್ಚಳ ಹಾಕಿಟ್ಟಿದ್ದರು. ಅತ್ತೆ ಸಂಜೆ ಹಾಕುತ್ತಿದ್ದ ಕಲಗಚ್ಚನ್ನು ಹತ್ತು ದಿನ ಎಮ್ಮೆಗೇ ಹಾಕಿದರು. ಸೊಳ್ಳೆಗೆಂದು ರೊಪ್ಪದಲ್ಲಿ ಹೊಗೆ ಹಾಕುವುದನ್ನೂ ನಿಲ್ಲಿಸಿದರು. ಹೊಗೆಯ ಇಂಗಾಲದ ಡೈಆಕ್ಸೈಡ್ ಮರಿಯ ಉಸಿರಿಗೆ ಸೇರಿದರೆ ಅದೂ ರಕ್ತದ ಆಕ್ಸಿಜನ್-18ರ ಜೊತೆ ಅದಲುಬದಲಾಗಿ ಲೆಕ್ಕ ಏರಿಸುತ್ತದೆ.

ಒಪ್ಪಿಗೆ, ನೀರು, ಪ್ರಯೋಗಾಲಯ

ಮರಿ ಸ್ವಂತ ಮಾವನದೇ ಆದರೂ ಪ್ರಯೋಗ ಪ್ರಯೋಗವೇ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಂದೆ ಅರ್ಜಿ ಹಾಕಿ. ಕುರಿಯಂಥ ದೊಡ್ಡ ಪ್ರಾಣಿಯಾದರೆ ಅದು ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಸಮಿತಿ, ಸಿಸಿಎಸ್‌ಇಎ, ತನಕ ಹೋಗುತ್ತದೆ. ತಿಂಗಳುಗಳು ಹಿಡಿಯಬಹುದು, ಮೊದಲೇ ಶುರು ಮಾಡಿ. ಒಪ್ಪಿಗೆ ಕಾಗದವನ್ನು ಕುರಿ ಯಜಮಾನರಿಗೆ ಕನ್ನಡದಲ್ಲಿ ಓದಿ ಹೇಳಿ.

ಭಾರಜಲ ನಮ್ಮ ದೇಶದಲ್ಲೇ ತಯಾರಾಗುತ್ತದೆ, ತೆಲಂಗಾಣದ ಮಣುಗೂರಿನಲ್ಲಿ ಅದರ ದೊಡ್ಡ ಸ್ಥಾವರವಿದೆ. ಆಕ್ಸಿಜನ್-18 ನೀರನ್ನು ಕ್ಯಾನ್ಸರ್ ಪತ್ತೆಯ ಪೆಟ್ ಸ್ಕ್ಯಾನ್ ಔಷಧಿ ತಯಾರಿಕೆಗೂ ಬಳಸುತ್ತಾರೆ, ಹಾಗಾಗಿ ಬೆಲೆ ಯಾವಾಗಲೂ ಮೇಲೆ. ಮಾದರಿ ಅಳೆಯಲು ಐಸೋಟೋಪ್ ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಲೇಸರ್ ಯಂತ್ರ ಬೇಕು. ತುಮಕೂರು, ಕೋಲಾರದ ಕಡೆಯವರಿಗೆ ಬೆಂಗಳೂರು ಹತ್ತಿರ ಇರುವುದು ಅನುಕೂಲ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಮನುಷ್ಯರ ಪೋಷಣೆಯಲ್ಲಿ ಈ ವಿಧಾನ ಬಳಸಿ ಕೆಲಸ ಮಾಡಿದ್ದಾರೆ. ಪ್ರಾಣಿ ಪೋಷಣೆಯ ಪ್ರಶ್ನೆಗಳಿಗೆ ಆಡುಗೋಡಿಯ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಮರಿ ಹಿಡಿಯುವ ಮೊದಲೇ ಪ್ರಯೋಗಾಲಯದವರ ಜೊತೆ ಮಾತಾಡಿ, ಯಾವ ಸೀಸೆ, ಎಷ್ಟು ಮಿಲಿಲೀಟರ್ ಬೇಕು ಎಂದು ಕೇಳಿಕೊಳ್ಳಿ.

ನೀರು ಕೊಡುವ ಬೆಳಿಗ್ಗೆ

ಎಲ್ಲ ಮರಿಗಳಿಗೂ ಬೇಕಾಗುವ ಗುರುತಿನ ನೀರನ್ನು ಒಂದೇ ಸೀಸೆಯಲ್ಲಿ ಮೊದಲೇ ಬೆರೆಸಿಡಿ. ಆಗ ಎರಡು ಗುರುತಿನ ಅನುಪಾತ ಎಲ್ಲ ಮರಿಗೂ ಒಂದೇ. ಈ ಸೀಸೆಯನ್ನು ರಕ್ತದ ಸೀಸೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಅದರ ಒಂದು ಹನಿ ಕೈಗವಸಿನಿಂದ ರಕ್ತದ ಸೀಸೆಗೆ ತಾಗಿದರೆ ಸಾಕು, ಆ ಮಾದರಿ ಹಾಳು. ಕೊಡುವವರು ಒಬ್ಬರು, ರಕ್ತ ತೆಗೆಯುವವರು ಇನ್ನೊಬ್ಬರು ಇದ್ದರೆ ಒಳ್ಳೆಯದು.

ನಾನು ಬೆಳಿಗ್ಗೆ ಆರಕ್ಕೆ ಶುರು ಮಾಡುತ್ತೇನೆ. ಮರಿಗಳು ರಾತ್ರಿಯಿಡೀ ಬಾನಿ ಮುಟ್ಟಿರುವುದಿಲ್ಲ. ಮೊದಲು ತೂಕ, ಆಮೇಲೆ ಮೂಲಮಟ್ಟದ ರಕ್ತ, ಆಮೇಲೆ ನೀರು. ಈ ಕ್ರಮ ತಪ್ಪಬಾರದು. ಮಾವ ಪಡಸಾಲೆಯಲ್ಲಿ ಕೂತು ಮರಿಯನ್ನು ಎರಡು ಮಂಡಿ ನಡುವೆ ಹಿಡಿಯುತ್ತಾರೆ, ಎಡಗೈ ಗದ್ದದ ಕೆಳಗೆ. ಮರಿ ಒದ್ದಾಡುವುದಿಲ್ಲ, ಅವರ ವಾಸನೆ ಅದಕ್ಕೆ ಗೊತ್ತು. ಕತ್ತಿನ ರಕ್ತನಾಳದಿಂದ ನಾಲ್ಕು ಮಿಲಿಲೀಟರ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿಗೆ.

ತಕ್ಕಡಿಯನ್ನು ಒಳಗೆ, ಗೋಡೆಯ ಮೂಲೆಯಲ್ಲಿ, ಫ್ಯಾನ್ ಆರಿಸಿ ಇಟ್ಟಿರುತ್ತೇನೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ. ತುಂಬಿದ ಸಿರಿಂಜನ್ನು ತೂಗಿ ಬರೆಯುತ್ತೇನೆ. ಹೊಟ್ಟೆಯ ಟ್ಯೂಬನ್ನು ಮೆಲ್ಲಗೆ ಇಳಿಸಿ, ಅದು ಶ್ವಾಸನಾಳಕ್ಕೆ ಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ನೀರನ್ನು ನಿಧಾನ ತಳ್ಳುತ್ತೇನೆ. ಟ್ಯೂಬ್ ಒಳಗೋಡೆಗೆ ಹನಿಗಳು ಅಂಟಿ ನಿಂತಿರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಅರ್ಧ ಗ್ರಾಂ ಉಳಿದರೂ 30ರಲ್ಲಿ ಒಂದೂವರೆ ಶೇಕಡ ಹೋಯಿತು. ಅದಕ್ಕೇ 50 ಮಿಲಿಲೀಟರ್ ಬೋರ್‌ವೆಲ್ ನೀರನ್ನು ಹಿಂದೆಯೇ ಕಳಿಸಿ ಟ್ಯೂಬ್ ತೊಳೆಯುತ್ತೇನೆ. ಖಾಲಿ ಸಿರಿಂಜನ್ನು ಮತ್ತೆ ತೂಗುತ್ತೇನೆ. ಎರಡರ ವ್ಯತ್ಯಾಸವೇ ಕೊಟ್ಟ ಅಳತೆ. ಮರಿ ಕೆಮ್ಮಿ ಚೆಲ್ಲಿದರೆ ಆ ಮರಿಯನ್ನು ಪಟ್ಟಿಯಿಂದ ತೆಗೆಯುತ್ತೇನೆ. ಎಷ್ಟು ಚೆಲ್ಲಿತು ಎಂದು ಅಂದಾಜು ಮಾಡುವುದಿಲ್ಲ. ಪಶುವೈದ್ಯರು ಜೊತೆಗಿದ್ದರೆ ರಕ್ತನಾಳಕ್ಕೇ ಕೊಡಬಹುದು. ಆಗ ನೀರು ಶುದ್ಧೀಕರಿಸಿ 0.9 ಶೇಕಡ ಉಪ್ಪು ಬೆರೆಸಿರಬೇಕು.

ಆಮೇಲೆ ಕಾಯಬೇಕು. ಮನುಷ್ಯನಲ್ಲಿ ಗುರುತು ಮೈಯೆಲ್ಲ ಬೆರೆಯಲು ಕೆಲವೇ ಗಂಟೆ ಸಾಕು. ಕುರಿಯಲ್ಲಿ ದೊಡ್ಡ ಹೊಟ್ಟೆಯ ನೀರು ಬೆರೆಯಲು ಜಾಸ್ತಿ ಹೊತ್ತು ಬೇಕು. ನಾನು ನೀರು ಕೊಟ್ಟು ಆರು ಗಂಟೆಯಾದ ಮೇಲೆ ಒಮ್ಮೆ, ಎಂಟು ಗಂಟೆಯಾದ ಮೇಲೆ ಇನ್ನೊಮ್ಮೆ ರಕ್ತ ತೆಗೆಯುತ್ತೇನೆ. ಎರಡೂ ಹೊಂದಿದರೆ ಬೆರೆತಿದೆ ಎಂದರ್ಥ. ಅಲ್ಲಿಯವರೆಗೆ ಮೇವೂ ಇಲ್ಲ, ನೀರೂ ಇಲ್ಲ, ನೆರಳಿನಲ್ಲಿ ಇರಬೇಕು. ಮರಿಗಳು ಕೂಗುತ್ತವೆ, ತಾಯಂದಿರು ಬೇಲಿಯಾಚೆಯಿಂದ ಕೂಗುತ್ತವೆ. ಆ ಮಧ್ಯಾಹ್ನ ಉದ್ದವಾಗಿರುತ್ತದೆ.

ಮುಂದಿನ ರಕ್ತ ಮೊದಲನೇ, ಮೂರನೇ, ಐದನೇ, ಏಳನೇ, ಹತ್ತನೇ ದಿನ. ಯಾವಾಗಲೂ ಬೆಳಿಗ್ಗೆ, ನೀರು ಕುಡಿಯುವ ಮೊದಲು, ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಗಂಟೆ ನಿಮಿಷ ಬರೆಯಿರಿ. ಪ್ಲಾಸ್ಮಾ (ರಕ್ತದ ತಿಳಿ ದ್ರವ) ಬೇರೆ ಮಾಡಿ, ರಬ್ಬರ್ ಉಂಗುರವಿರುವ ತಿರುಪಿನ ಮುಚ್ಚಳದ ಪುಟ್ಟ ಸೀಸೆಗೆ ತುಂಬಿ. ಸೀಸೆಯೊಳಗೆ ಗಾಳಿಗೆ ಜಾಗ ಕಡಿಮೆ ಇರಲಿ. ಮುಚ್ಚಳ ಸಡಿಲವಾಗಿದ್ದರೆ ನಮ್ಮ ಕೆರೆಯಲ್ಲಿ ಆದದ್ದೇ ಸೀಸೆಯಲ್ಲೂ ಆಗುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಇಡಿ. ಕೊಟ್ಟ ನೀರಿನಲ್ಲೇ ಸ್ವಲ್ಪ ಉಳಿಸಿ, ಅದನ್ನೂ ಮಾದರಿಗಳ ಜೊತೆ ಅಳೆಸಬೇಕು. ಆದರೆ ಬೇರೆ ಪೆಟ್ಟಿಗೆಯಲ್ಲಿ ಕಳಿಸಿ.

ಅಂಕಿ ಬಂದ ತಕ್ಷಣ ಒಂದು ಪರೀಕ್ಷೆ ಮಾಡಿ. ಡ್ಯೂಟೀರಿಯಂನಿಂದ ಲೆಕ್ಕ ಹಾಕಿದ ಮೈ ನೀರು, ಆಕ್ಸಿಜನ್-18ರಿಂದ ಹಾಕಿದ್ದಕ್ಕಿಂತ ಸುಮಾರು ಮೂರು ಶೇಕಡ ಜಾಸ್ತಿ ಬರಬೇಕು. ಡ್ಯೂಟೀರಿಯಂ ಮಾಂಸದ ಹೈಡ್ರೋಜನ್ ಜೊತೆಗೂ ಸ್ವಲ್ಪ ಅದಲುಬದಲಾಗುತ್ತದೆ, ಅದಕ್ಕೆ. ಒಂದು ಮರಿಯಲ್ಲಿ ಈ ಅನುಪಾತ ಗುಂಪಿನಿಂದ ದೂರ ಹೋಗಿದ್ದರೆ, ಆ ಮರಿಯ ಮಾದರಿ ಕೆಟ್ಟಿದೆ ಎಂದು ಅನುಮಾನಿಸಿ ಇನ್ನೊಮ್ಮೆ ಅಳೆಸಿ.

ಕೆಲವೇ ಗಂಟೆಯ ಖರ್ಚು ಬೇಕಿದ್ದರೆ, ಉದಾಹರಣೆಗೆ ಕಟ್ಟಿದ ಮರಿ ನೆರಳಲ್ಲಿ ಎಷ್ಟು, ಬಿಸಿಲಲ್ಲಿ ಎಷ್ಟು ಎಂದು ನೋಡಲು, ಇಂಗಾಲ-13 (ಸ್ವಲ್ಪ ಭಾರದ ಇಂಗಾಲ) ಗುರುತಿನ ಬೈಕಾರ್ಬನೇಟ್ ಕೊಟ್ಟು ಉಸಿರನ್ನು ಚೀಲಕ್ಕೆ ಹಿಡಿಯುವ ವಿಧಾನವಿದೆ. ಅಗ್ಗ, ಬೇಗ. ಆದರೆ ಅಲ್ಲೂ ನಮ್ಮ ಸೀಮೆಯದೇ ಒಂದು ತೊಡಕು ಇದೆ. ರಾಗಿ, ಜೋಳ ಒಂದು ಬಗೆಯಲ್ಲಿ ಇಂಗಾಲ ಹಿಡಿಯುತ್ತವೆ, ಕಡಲೆಕಾಯಿ, ಹುರಳಿ ಇನ್ನೊಂದು ಬಗೆಯಲ್ಲಿ. ರಾಗಿ ಹುಲ್ಲಿನಲ್ಲಿ ಇಂಗಾಲ-13 ಕಡಲೆಕಾಯಿ ಬಳ್ಳಿಗಿಂತ ಜಾಸ್ತಿ. ನಿನ್ನೆ ರಾಗಿ ಹುಲ್ಲು, ಇವತ್ತು ಕಡಲೆಕಾಯಿ ಬಳ್ಳಿ ಹಾಕಿದರೆ ಉಸಿರಿನ ಮೂಲಮಟ್ಟವೇ ಸರಿಯುತ್ತದೆ. ಹಿಂದಿನ ಎರಡು ವಾರ ಮೇವು ಬದಲಾಯಿಸಬೇಡಿ.

ಮಾವನಿಗೆ ಇನ್ನೊಂದು ಚಿಂತೆ ಇತ್ತು. ಬಕ್ರೀದ್‌ಗೆ ಟಗರು ಮಾರಬೇಕು, ಈ ನೀರಿನಿಂದ ತೊಂದರೆ ಇಲ್ವಾ ಎಂದು. ಒಂದು ತಿಂಗಳಿಗೆ 135 ಪಿಪಿಎಂ ಡ್ಯೂಟೀರಿಯಂನಲ್ಲಿ ಒಂದೂವರೆ ಪಿಪಿಎಂ ಮಾತ್ರ ಮೈ ನೀರಿನಲ್ಲಿ ಉಳಿದಿರುತ್ತದೆ, ಕೆರೆ ಮತ್ತು ಬೋರ್‌ವೆಲ್ ನೀರಿನ ನಡುವೆ ಇರುವ ವ್ಯತ್ಯಾಸಕ್ಕಿಂತ ಅದು ಕಡಿಮೆ ಎಂದು ಅಂಕಿ ಬರೆದು ತೋರಿಸಿದೆ. ಆದರೂ ನೈತಿಕ ಸಮಿತಿ ಹೇಳಿದ ದಿನದವರೆಗೆ ಮಾರದೆ ಇಟ್ಟುಕೊಂಡರು.

ಗುರುತಿನ ಮರಿಗಳ ಕೊರಳಿಗೆ ನಾನು ಕೆಂಪು ಉಣ್ಣೆದಾರ ಕಟ್ಟುತ್ತೇನೆ, ಕೊಡದ ಎರಡಕ್ಕೆ ಬಿಳಿ. ಹತ್ತನೇ ದಿನ ಬೆಳಿಗ್ಗೆ ಕೊನೆಯ ರಕ್ತ, ಕೊನೆಯ ತೂಕ, ಮತ್ತೆ ಭಾರಜಲ, ಎಂಟು ಗಂಟೆ ಕಾಯುವುದು, ಇನ್ನೊಂದು ರಕ್ತ. ಎಲ್ಲ ಸೀಸೆಗೂ ಚೀಟಿ ಅಂಟಿಸಿ, ಪುಸ್ತಕದ ಸಾಲುಗಳ ಜೊತೆ ಒಂದೊಂದಾಗಿ ತಾಳೆ ನೋಡುವವರೆಗೂ ದಾರ ಬಿಚ್ಚುವುದಿಲ್ಲ. ಬಿಚ್ಚಿ ಹಿಂಡಿನೊಳಗೆ ಬಿಟ್ಟರೆ ಯಾವುದು ಯಾವುದು ಎಂದು ಮಾವನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗುವುದಿಲ್ಲ.